ತಗಾದೆಯಿಂದ ರಾಜಿಯವರೆಗೆ: ಸಾಲದ ಲೆಕ್ಕ ಬಿಚ್ಚಿಸಿದ 1879ರ ಕಾನೂನು

ಗಡಿನಾಡಾದ ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿ ‘ತಗಾದೆ’ ಎಂಬ ಮಾತು ದಿನಬಳಕೆಯದು. ಕೊಟ್ಟ ಸಾಲವನ್ನು ಮತ್ತೆ ಮತ್ತೆ ಕೇಳುವುದೂ ತಗಾದೆಯೇ, ಜಗಳ ತೆಗೆಯುವುದೂ ತಗಾದೆಯೇ. ಅರಬ್ಬೀ ಮೂಲದ ಈ ಶಬ್ದ ಮರಾಠಿಯಲ್ಲಿ ‘ತಗಾದಾ’, ನಮ್ಮ ಕನ್ನಡದಲ್ಲಿ ‘ತಗಾದೆ’. ಒಂದೇ ಶಬ್ದಕ್ಕೆ ಸಾಲ ವಸೂಲಿ, ಜಗಳ ಎಂಬ ಎರಡು ಅರ್ಥ ಬಂದದ್ದು ಸುಮ್ಮನೆ ಅಲ್ಲ. ಅದರ ಹಿಂದೆ ದೊಡ್ಡ ಇತಿಹಾಸವಿದೆ. ಶಾಲೆಯ ಪಾಠದಲ್ಲಿ ದಖ್ಖನ್ ರೈತ ದಂಗೆಯ ಬಗ್ಗೆ ಕೆಲವೇ ಸಾಲುಗಳಲ್ಲಿ ಓದಿ ಮುಂದೆ ಹೋಗುತ್ತೇವೆ. ಆ ದಂಗೆ ಮುಗಿದ ಮೇಲೆ ಏನಾಯಿತು ಎಂಬುದನ್ನು ಇಲ್ಲಿ ನೋಡೋಣ. ಸಾಲಗಾರ ಮತ್ತು ಸಾವಕಾರರ ನಡುವೆ ಮೂರನೆಯವನೊಬ್ಬ ಕುಳಿತು ರಾಜಿ ಮಾಡಿಸುವ ಪದ್ಧತಿಯನ್ನು ಸರ್ಕಾರ ಕಾನೂನಾಗಿ ತಂದದ್ದು ಆಗ. ಅದು ಜಾರಿಯಾದ ಜಿಲ್ಲೆಗಳಲ್ಲಿ ನಮ್ಮ ಸೊಲ್ಲಾಪುರವೂ ಒಂದು.

ಮೊದಲು ಪೇಶ್ವೆಯರ ಕಾಲಕ್ಕೆ ಹೋಗೋಣ. 1818ರಲ್ಲಿ ಪೇಶ್ವೆಯರ ರಾಜ್ಯ ಇಂಗ್ಲಿಷರ ವಶವಾಯಿತು. ಆ ಪ್ರದೇಶದ ಆಡಳಿತ ವಹಿಸಿಕೊಂಡ ಎಲ್ಫಿನ್‌ಸ್ಟನ್ ಸಾಹೇಬರು 1819ರ ತಮ್ಮ ವರದಿಯಲ್ಲಿ ತಗಾದೆಯ ಬಗ್ಗೆ ಬರೆದಿದ್ದಾರೆ. ಸಾಲಗಾರ ತನಗೆ ಸಮಾನನೋ ಕೆಳಗಿನವನೋ ಆಗಿದ್ದರೆ ಸಾಲ ಕೊಟ್ಟವನು ಅವನನ್ನು ಮನೆಬಿಟ್ಟು ಹೋಗಗೊಡುತ್ತಿರಲಿಲ್ಲ, ಉಣ್ಣಗೊಡುತ್ತಿರಲಿಲ್ಲ, ಬಿಸಿಲಲ್ಲಿ ಕೂಡಿಸುತ್ತಿದ್ದ. ಸಾಲಗಾರ ದೊಡ್ಡವನಾಗಿದ್ದರೆ ಅವನ ಹೊಸ್ತಿಲ ಮೇಲೆ ತಾನೇ ಮಲಗುತ್ತಿದ್ದ, ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದ. ಇದೆಲ್ಲ ಕ್ರೂರವೇ ಸರಿ. ಆದರೆ ಒಂದು ಮಾತನ್ನು ಗಮನಿಸಬೇಕು. ಈ ಕಾಟವೆಲ್ಲ ಇಬ್ಬರೂ ಯಾವುದಾದರೂ ಒಪ್ಪಂದಕ್ಕೆ ಬರುವವರೆಗೆ ಮಾತ್ರ. ಹಾಗೆಯೂ ಆಗದಿದ್ದರೆ ಪಂಚಾಯಿತಿ ಇತ್ತು. ಸಾವಕಾರನೂ ಅದೇ ಊರಿನಲ್ಲಿ ಬಾಳಬೇಕಾಗಿದ್ದುದರಿಂದ ಊರಿನ ಮಾತು ಅವನಿಗೂ ಬೇಕಾಗಿತ್ತು.

ಇಂಗ್ಲಿಷರ ಕೋರ್ಟುಗಳು ಬಂದ ಮೇಲೆ ಈ ಸಮತೋಲ ಕೆಟ್ಟಿತು. ಈಗ ಸಾವಕಾರನಿಗೆ ಊರಿನ ಒಪ್ಪಿಗೆ ಬೇಕಿರಲಿಲ್ಲ, ಕೈಯಲ್ಲಿ ಒಂದು ಕಾಗದವಿದ್ದರೆ ಸಾಕು. ರೈತ ಹೆಬ್ಬೆಟ್ಟು ಒತ್ತಿದ ಪತ್ರ ತೋರಿಸಿದರೆ ಡಿಕ್ರಿ ಸಿಗುತ್ತಿತ್ತು. ಡಿಕ್ರಿ ಸಿಕ್ಕರೆ ದನಕರು, ಹೊಲ, ಮನೆ ಎಲ್ಲವೂ ಜಪ್ತಿ. ಪತ್ರದಲ್ಲಿ ಏನು ಬರೆದಿದೆ, ನಿಜವಾಗಿ ಎಷ್ಟು ರೊಕ್ಕ ಕೈಗೆ ಬಂದಿತ್ತು ಎಂದು ಕೇಳುವವರು ಇರಲಿಲ್ಲ.

1859ರ ಕಾಲಮಿತಿ ಕಾನೂನು ರೈತನ ಒಳ್ಳೆಯದಕ್ಕೆಂದು ಬಂತು. ಸಾಲಪತ್ರ ಮೂರು ವರ್ಷ ಮಾತ್ರ ಊರ್ಜಿತ, ಹಾಗಾದರೆ ಬಡ್ಡಿ ಬೆಳೆಯುವುದಿಲ್ಲ ಎಂಬುದು ಲೆಕ್ಕಾಚಾರ. ಆದದ್ದೇ ಬೇರೆ. ಮೂರು ವರ್ಷ ಮುಗಿಯುವ ಮೊದಲೇ ಸಾವಕಾರ ಹೊಸ ಪತ್ರ ಬರೆಸಿಕೊಳ್ಳತೊಡಗಿದ. ಹಳೆಯ ಅಸಲು, ಹಳೆಯ ಬಡ್ಡಿ ಎರಡೂ ಕೂಡಿ ಹೊಸ ಅಸಲು ಆಯಿತು.

ನಮ್ಮ ಮಕ್ಕಳಿಗೆ ಇದನ್ನು ಲೆಕ್ಕ ಮಾಡಿಸಿ ತೋರಿಸಿದರೆ ಬೇಗ ತಿಳಿಯುತ್ತದೆ. ಉದಾಹರಣೆಗೆ, 100 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಎಂದುಕೊಳ್ಳೋಣ. ಮೂರು ವರ್ಷಕ್ಕೆ ಬಡ್ಡಿ 72 ರೂಪಾಯಿ. ಹೊಸ ಪತ್ರ 172 ರೂಪಾಯಿಗೆ. ಮತ್ತೆ ಮೂರು ವರ್ಷಕ್ಕೆ ಪತ್ರ ಬದಲಾದರೆ 295 ರೂಪಾಯಿ 84 ಪೈಸೆ. ಒಂಬತ್ತನೆಯ ವರ್ಷದ ಕೊನೆಗೆ ಸುಮಾರು 509 ರೂಪಾಯಿ. ಸರಳಬಡ್ಡಿಯಲ್ಲಾದರೆ ಒಂಬತ್ತು ವರ್ಷಕ್ಕೆ 316 ಆಗುತ್ತಿತ್ತು. ಬಡ್ಡಿ ಅಸಲನ್ನು ಮೀರಬಾರದು ಎಂಬ ಹಿಂದೂ ಧರ್ಮಶಾಸ್ತ್ರದ ‘ದಾಮದುಪ್ಪಟ’ ನಿಯಮ ಹಿಡಿದರೆ 200ಕ್ಕೇ ನಿಲ್ಲುತ್ತಿತ್ತು. ರೈತನ ಕೈಗೆ ಬಂದದ್ದು ಮಾತ್ರ ಆ ಮೊದಲಿನ 100 ರೂಪಾಯಿ.

ಇದರ ಜೊತೆಗೆ ಹತ್ತಿಯ ಕತೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿದಾಗ ಇಂಗ್ಲೆಂಡಿಗೆ ಅಲ್ಲಿನ ಹತ್ತಿ ಬರುವುದು ಕಡಿಮೆಯಾಗಿ ನಮ್ಮ ಕಡೆಯ ಹತ್ತಿಗೆ ಬೆಲೆ ಏರಿತು. ಸಾವಕಾರರು ಕೇಳಿದಷ್ಟು ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು, ಸಾಲ ಕೊಡುವ ಕೈಗಳು ಹಿಂದೆ ಸರಿದವು. ಅದೇ ಕಾಲಕ್ಕೆ ಮೂವತ್ತು ವರ್ಷದ ಅವಧಿ ಮುಗಿದು ಭೂಕಂದಾಯವನ್ನು ಹೆಚ್ಚಿಸಲಾಯಿತು. ಹಲವು ಕಡೆ ಅದು ಒಂದೂವರೆ ಪಟ್ಟು, ಎರಡು ಪಟ್ಟು ಆಯಿತು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯ ಊರಿನಲ್ಲಿ ಸುತ್ತಲಿನ ರೈತರು ಸೇರಿ ಸಾವಕಾರರ ಮೇಲೆ ಬಿದ್ದರು. ಅವರು ಮುಖ್ಯವಾಗಿ ಕೇಳಿದ್ದು ಲೆಕ್ಕದ ಚೋಪಡಿ ಮತ್ತು ಸಾಲಪತ್ರಗಳನ್ನು. ಸಿಕ್ಕವನ್ನು ಸುಟ್ಟರು. ಕೆಲವು ಕಡೆ ದವಸದ ಅಂಗಡಿಗಳ ಲೂಟಿಯಾಯಿತು, ಮನೆಗಳಿಗೆ ಬೆಂಕಿಯೂ ಬಿತ್ತು. ದಂಗೆ ಅಹಮದನಗರ (ಇಂದಿನ ಅಹಿಲ್ಯಾನಗರ) ಜಿಲ್ಲೆಗೂ ಹಬ್ಬಿ ಮೂವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಮುಟ್ಟಿತು. ಬರಹ ಬಾರದ ಜನ ಬರಹವನ್ನೇ ಸುಟ್ಟರು ಎಂಬುದು ಶಿಕ್ಷಕರಾದ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ತಮ್ಮನ್ನು ಕಟ್ಟಿಹಾಕಿದ್ದು ಯಾವುದು ಎಂದು ಅವರಿಗೆ ಸರಿಯಾಗಿ ಗೊತ್ತಿತ್ತು. ಅದನ್ನು ಓದಿ ಪ್ರಶ್ನಿಸುವ ದಾರಿ ಮಾತ್ರ ಗೊತ್ತಿರಲಿಲ್ಲ.

ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಅದರ ವರದಿ 1878ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಮುಂದೆ ಹೋಯಿತು. ಮರುವರ್ಷ ‘ದಖ್ಖನ್ ಕೃಷಿಕರ ಪರಿಹಾರ ಕಾಯಿದೆ’ ಬಂತು. ಇದು 1879ರ 17ನೆಯ ಕಾಯಿದೆ. ಪುಣೆ, ಅಹಮದನಗರ, ಸಾತಾರಾ, ಸೊಲ್ಲಾಪುರ ಈ ನಾಲ್ಕು ಜಿಲ್ಲೆಗಳಿಗೆ ಇದು ಅನ್ವಯಿಸಿತು. ಅಕ್ಕಲಕೋಟೆ, ಜತ್ತ ಆಗ ಸಂಸ್ಥಾನಗಳಾಗಿದ್ದು ಬೇರೆ ಆಡಳಿತದಲ್ಲಿದ್ದವು. 1905ರಲ್ಲಿ ಈ ಕಾಯಿದೆಯ ಕೆಲವು ಭಾಗಗಳನ್ನು ಮುಂಬಯಿ ಪ್ರಾಂತ್ಯದ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದರು. ಹೀಗೆ ಧಾರವಾಡ, ಬೆಳಗಾವಿ, ವಿಜಾಪುರಗಳ ಕನ್ನಡ ರೈತರಿಗೂ ಇದು ಮುಟ್ಟಿತು.

ಈ ಕಾಯಿದೆಯಲ್ಲಿ ರಾಜಿಗೆಂದೇ ಒಂದು ಅಧ್ಯಾಯವಿತ್ತು. ಸರ್ಕಾರ ಊರ ಕಡೆಯ ಗಣ್ಯರನ್ನು ಸಂಧಾನಕಾರರನ್ನಾಗಿ ನೇಮಿಸುತ್ತಿತ್ತು. ಪೊಲೀಸರು ಸಂಧಾನಕಾರರಾಗುವಂತಿರಲಿಲ್ಲ. ರೈತನ ಮೇಲೆ ದಾವೆ ಹೂಡುವ ಮೊದಲು ಸಾವಕಾರ ಸಂಧಾನಕಾರನ ಬಳಿ ಹೋಗಬೇಕು. ರಾಜಿಯಾದರೆ ಅದನ್ನು ಬರೆದು ಕೋರ್ಟಿಗೆ ಕಳಿಸಬೇಕು, ಕೋರ್ಟು ಒಪ್ಪಿದರೆ ಅದಕ್ಕೆ ಡಿಕ್ರಿಯ ಬಲ. ರಾಜಿಯಾಗದಿದ್ದರೆ ಸಂಧಾನಕಾರನಿಂದ ಪ್ರಮಾಣಪತ್ರ ತಂದರೆ ಮಾತ್ರ ದಾವೆಗೆ ದಾರಿ.

ಓದಲು ಚೆನ್ನಾಗಿದೆ ಅಲ್ಲವೇ? ನಡೆದದ್ದು ಅಷ್ಟು ಚೆನ್ನಾಗಿರಲಿಲ್ಲ. ಸಂಧಾನಕಾರನಿಗೆ ಒಪ್ಪಿಸುವ ಕೆಲಸವಿತ್ತೇ ಹೊರತು ಅಧಿಕಾರವಿರಲಿಲ್ಲ. ಮನಸ್ಸಿಲ್ಲದ ಸಾವಕಾರನಿಗೆ ಪ್ರಮಾಣಪತ್ರ ತರುವುದು ಒಂದು ಶಾಸ್ತ್ರವಾಯಿತು. ವಿಳಂಬವಾಗುತ್ತದೆ, ಸಂಧಾನಕಾರರು ಎಲ್ಲರೂ ಯೋಗ್ಯರಲ್ಲ ಎಂಬ ದೂರುಗಳು ಬಂದವು. ಮುಂದೆ ಈ ವ್ಯವಸ್ಥೆಯನ್ನೇ ಕೈಬಿಡಲಾಯಿತು.

ಆದರೆ ಅದೇ ಕಾಯಿದೆಯ ಬೇರೆ ಭಾಗಗಳು ಗಟ್ಟಿಯಾಗಿದ್ದವು. ಪತ್ರದಲ್ಲಿ ಏನೇ ಬರೆದಿರಲಿ, ವ್ಯವಹಾರ ಶುರುವಾದ ದಿನದಿಂದ ಲೆಕ್ಕ ಬಿಚ್ಚಿ ನೋಡಬೇಕು ಎಂದು ಕೋರ್ಟಿಗೆ ಹೇಳಿತ್ತು. ಕಂತುಗಳಲ್ಲಿ ತೀರಿಸಲು ಅವಕಾಶವಿತ್ತು. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವುದು ನಿಂತಿತು. ಸಾಲಪತ್ರವನ್ನು ಗ್ರಾಮ ನೋಂದಣಿಗಾರನ ಎದುರು, ರೈತನಿಗೆ ಓದಿ ಹೇಳಿ ಮಾಡಬೇಕಾಗಿತ್ತು. ರೊಕ್ಕ ಕೊಟ್ಟಾಗ ರಸೀದಿ, ವರ್ಷಕ್ಕೊಮ್ಮೆ ಲೆಕ್ಕಪಟ್ಟಿ ಕೇಳುವ ಹಕ್ಕೂ ರೈತನಿಗೆ ಸಿಕ್ಕಿತು. ಈ ಕಾಯಿದೆಯ ಜಾರಿಯಲ್ಲಿ 1881ರಿಂದ ನ್ಯಾಯಾಧೀಶರಾಗಿ ದುಡಿದವರಲ್ಲಿ ಮಹಾದೇವ ಗೋವಿಂದ ರಾನಡೆಯವರೂ ಇದ್ದರು. ಮುಂದೆ 1893ರಲ್ಲಿ ಅವರು ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದರು.

ಇದರಿಂದ ನಮಗೆ ತಿಳಿಯುವುದೇನು? ಲೆಕ್ಕ ಬಿಚ್ಚದೆ ಮಾಡಿಸುವ ರಾಜಿ ರಾಜಿಯಲ್ಲ, ಅದು ಮೆತ್ತಗಿನ ದನಿಯ ತಗಾದೆ. ಕುಳಿತ ಇಬ್ಬರಲ್ಲಿ ಒಬ್ಬನ ಕೈಯಲ್ಲಿ ಮಾತ್ರ ಚೋಪಡಿ ಇದ್ದು, ಇನ್ನೊಬ್ಬನಿಗೆ ಅದನ್ನು ಓದಲು ಬಾರದಿದ್ದರೆ ನಡುವೆ ಕುಳಿತವನು ಎಷ್ಟೇ ಒಳ್ಳೆಯವನಿದ್ದರೂ ಪ್ರಯೋಜನವಿಲ್ಲ.

ಈ ಪಾಠವನ್ನು ಮುಂದಿನವರು ಸ್ವಲ್ಪಮಟ್ಟಿಗೆ ಕಲಿತರು. 1930ರ ದಶಕದಲ್ಲಿ ಬೆಳೆಯ ಬೆಲೆ ಕುಸಿದು ರೈತರು ಮತ್ತೆ ಸಾಲದಲ್ಲಿ ಮುಳುಗಿದಾಗ 1933ರಲ್ಲಿ ಮಧ್ಯಪ್ರಾಂತ್ಯದಲ್ಲಿ ಸಾಲ ಸಂಧಾನ ಮಂಡಳಿಗಳ ಕಾನೂನು ಬಂತು. ಮದರಾಸು ಪ್ರಾಂತ್ಯದಲ್ಲಿ 1936ರಲ್ಲಿ ಬಂತು. ಕಾಸರಗೋಡು, ಹೊಸೂರು, ಆದವಾನಿಯ ನಮ್ಮ ಕನ್ನಡ ಬಂಧುಗಳು ಆಗ ಆ ಪ್ರಾಂತ್ಯದಲ್ಲೇ ಇದ್ದರು. ಈ ಮಂಡಳಿಗಳಿಗೆ ಹಲ್ಲು ಇತ್ತು. ನೋಟಿಸು ಮುಟ್ಟಿದ ಮೇಲೆ ಸಾಲ ಕೊಟ್ಟವನು ತನ್ನ ಲೆಕ್ಕವನ್ನು ಮಂಡಳಿಯ ಮುಂದೆ ಇಡದಿದ್ದರೆ ಆ ಸಾಲ ತೀರಿದಂತೆಯೇ ಎಂದು ಕಾನೂನು ಹೇಳಿತು. ಚೋಪಡಿ ತಾನಾಗಿ ಬಿಚ್ಚಿಕೊಂಡಿತು!

ಇಂದು ಹಳೆಯ ಸಾವಕಾರನ ಜಾಗಕ್ಕೆ ಫೈನಾನ್ಸ್ ಕಂಪನಿ, ಮೊಬೈಲ್ ಸಾಲ, ಮಹಿಳಾ ಗುಂಪಿನ ಕಿರುಸಾಲಗಳು ಬಂದಿವೆ. ವಸೂಲಿಗೆ ಏಜೆಂಟರು ಬರುತ್ತಾರೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಏಜೆಂಟರು ಸಾಲಗಾರರಿಗೆ ಫೋನು ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಸೂಚಿಸಿತು. ಕಿರುಸಾಲ ವಸೂಲಿಯ ಬಲವಂತವನ್ನು ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಬೇರೆಯೇ ಕಾನೂನು ಬಂತು. ರಾಜಿಗೆ ಲೋಕ ಅದಾಲತ್ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದಲೇ ಸಹಿ ಹಾಕುವ ಮೊದಲು ಅಸಲು ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು, ಈವರೆಗೆ ಕಟ್ಟಿದ್ದು ಎಷ್ಟು ಎಂದು ಕೇಳಲೇಬೇಕು. ಒಪ್ಪಿಗೆಯಾಗದಿದ್ದರೆ ಸಹಿ ಹಾಕಬೇಕಾಗಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕಿನ ಕೋರ್ಟಿನಲ್ಲಿ ವಿಚಾರಿಸಬಹುದು.

ಗಡಿನಾಡ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಮನೆಯ ಮಾತು ಕನ್ನಡ, ಸರ್ಕಾರದ ಕಾಗದ ಮರಾಠಿ, ಸಾಲದ ಕಾಗದ ಅನೇಕ ಸಲ ಇಂಗ್ಲಿಷು. ಪಾಲಕರು ನೋಟಿಸು ಹಿಡಿದುಕೊಂಡು “ಇದರಾಗ ಏನ್ ಬರದಾರ ನೋಡ್ರಿ ಸರ್” ಎಂದು ಶಾಲೆಗೆ ಬರುವುದು ನಮ್ಮಲ್ಲಿ ಹಲವರಿಗೆ ಗೊತ್ತಿರುವ ಸಂಗತಿ. ಕನ್ನಡ ಶಾಲೆಯಲ್ಲಿ ಮರಾಠಿ, ಇಂಗ್ಲಿಷುಗಳನ್ನೂ ಚೆನ್ನಾಗಿ ಕಲಿಸಬೇಕು ಎಂದು ನಾವು ಹೇಳುವುದು ಪರೀಕ್ಷೆಯ ಅಂಕಕ್ಕಾಗಿ ಮಾತ್ರವಲ್ಲ.

ಏಳನೆಯ ತರಗತಿಯ ಮಕ್ಕಳಿಗೆ ಬಡ್ಡಿಯ ಲೆಕ್ಕ ಹೇಳಿಕೊಡುವಾಗ ಶಿಕ್ಷಕ ಬಂಧುಗಳು ಮೇಲಿನ 100 ರೂಪಾಯಿಯ ಉದಾಹರಣೆಯನ್ನು ಒಮ್ಮೆ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿರಿ. ಆ ಮೇಲೆ ಮನೆಯಲ್ಲಿರುವ ಯಾವುದಾದರೂ ರಸೀದಿಯನ್ನು ತಂದೆತಾಯಿಗಳಿಗೆ ಓದಿ ಹೇಳಿ ಬರಲು ಹೇಳಿರಿ. 1875ರಲ್ಲಿ ಸುಪೆಯ ರೈತರ ಮನೆಯಲ್ಲಿ ಹಾಗೆ ಓದಿ ಹೇಳುವ ಒಂದು ಮಗು ಇರಲಿಲ್ಲ. ನಮ್ಮ ಊರುಗಳ ಮನೆಗಳಲ್ಲಿ ಇಂದು ಇದೆ.