ಡೈನಮೊ ಹೋಗಿ ಆಲ್ಟರ್ನೇಟರ್ ಬಂತು

ಡೋಜರ್ ಬಂದರೆ ಎಲ್ಲರೂ ಮುಂದಿನ ಬ್ಲೇಡು ನೋಡುತ್ತಾರೆ. ನಾನು ಮಾತ್ರ ಬ್ಯಾಟರಿ ಎಲ್ಲಿಟ್ಟಿದ್ದಾರೆ ಅಂತ ಹುಡುಕುತ್ತೇನೆ. ಈ ಚಟ ಅಂಟಿದ್ದು 1997ರ ಬೇಸಿಗೆಯಲ್ಲಿ. ಆಗಿನ್ನೂ ನಾವು ಧಾರವಾಡ ಜಿಲ್ಲೆಯವರು. ಗದಗ ಬೇರೆ ಜಿಲ್ಲೆಯಾದದ್ದು ಆ ವರ್ಷ ಆಗಸ್ಟಿನಲ್ಲಿ.

ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಕಡೆ ನಮ್ಮದು ಆರು ಎಕರೆ ಹೊಲ. ಮೇಲೆ ಮಸಾರಿ, ಕೆಳಗೆ ಎರೆ, ನಡುವೆ ಇಳಿಜಾರು. ದೊಡ್ಡ ಮಳೆಯಾದರೆ ಮಣ್ಣೆಲ್ಲ ಹಳ್ಳಕ್ಕೆ. ಅಪ್ಪ ಸಾಲ ತಂದು, ನೆಲ ಸಮ ಮಾಡಿಸಿ ಒಡ್ಡು ಹಾಕಿಸಬೇಕೆಂದು ಮುಂಡರಗಿ ಕಡೆಯವರೊಬ್ಬರ ಡೋಜರ್ ಹೇಳಿದ್ದರು. ತಾಸಿನ ಲೆಕ್ಕದ ಬಾಡಿಗೆ. ಎರಡು ಮೂರು ಹರಾಜು ಕಂಡ ಮುದಿ ಯಂತ್ರ ಅದು, ಹೆಸರಿನ ತಗಡು ಕೂಡ ಕಿತ್ತುಹೋಗಿತ್ತು. ಎರಡು ದಿನ ಚೆನ್ನಾಗಿ ಮಣ್ಣು ನೂಕಿತು. ಮೂರನೇ ದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಿಕ್ ಅಂತ ಒಂದು ಸದ್ದು.. ಅಷ್ಟೇ.

ಲಾರಿಯಾದರೆ ಹತ್ತು ಮಂದಿ ಸೇರಿ ನೂಕಬಹುದು. ಚೈನಿನ ಮೇಲೆ ನಿಂತ ಹತ್ತಾರು ಟನ್ ಕಬ್ಬಿಣವನ್ನು ಯಾರು ನೂಕುವವರು?

ಇನ್ನೂ ಹಳೆಯ ಡೋಜರುಗಳಿಗೆ ಈ ಪಜೀತಿ ಇರಲಿಲ್ಲ. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1931ರಲ್ಲಿ ಡೀಸೆಲ್ ಟ್ರ್ಯಾಕ್ಟರ್ ಮಾರಲು ಹೊರಟಾಗ, ದೊಡ್ಡ ಎಂಜಿನ್ ಎಬ್ಬಿಸಲು ಪಕ್ಕದಲ್ಲೇ ಒಂದು ಸಣ್ಣ ಪೆಟ್ರೋಲ್ ಎಂಜಿನ್ ಇಟ್ಟಿತು. ಮೊದಲು ಮರಿಯನ್ನು ಕೈಯಿಂದ ತಿರುವಿ ಎಬ್ಬಿಸಬೇಕು, ಆಮೇಲೆ ಮರಿ ತಾಯಿಯನ್ನು ಎಬ್ಬಿಸುತ್ತದೆ! ಬ್ಯಾಟರಿಯ ಹಂಗೇ ಇಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಯಂತ್ರಗಳನ್ನು ಕಟ್ಟಿಕೊಂಡೇ 1947ರಲ್ಲಿ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆ ಶುರುವಾಯಿತು. ಮಧ್ಯಭಾರತದ ಹೊಲಗಳನ್ನು ನುಂಗಿದ್ದ ಕಾಂಸ ಎಂಬ ಹುಲ್ಲಿನ ಬೇರು ಕೀಳುವುದು ಅದರ ಮುಖ್ಯ ಕೆಲಸ. ಇದಕ್ಕಾಗಿ 1949ರಲ್ಲಿ ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರ್ ಸಾಲವೂ ಬಂತು. ನಮ್ಮ ದೇಶಕ್ಕೆ ಆ ಬ್ಯಾಂಕು ಕೊಟ್ಟ ಎರಡನೆಯ ಸಾಲ ಅದು, ಮೊದಲನೆಯದು ರೈಲಿಗೆ.

ನಮ್ಮ ಕಡೆಯ ಕಥೆ ಸ್ವಲ್ಪ ಬೇರೆ. ಮುಂಬಯಿ ಪ್ರಾಂತದಲ್ಲಿ ಒಡ್ಡು ಹಾಕಿಸಲೆಂದೇ 1942ರಲ್ಲಿ ಭೂಸುಧಾರಣೆ ಕಾಯ್ದೆ ಬಂದಿತ್ತು. ಆದರೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದ್ದು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವ ತನಕ ಆ ಕಾಯ್ದೆ ನಮ್ಮ ಹೊಲದ ಬದುವಿಗೆ ಬರುವಂತೆಯೇ ಇರಲಿಲ್ಲ. ನಮ್ಮ ಅಜ್ಜನ ಒಡ್ಡುಗಳೆಲ್ಲ ಸಲಿಕೆ ಬುಟ್ಟಿಯವು. 1964ರಲ್ಲಿ ಬೆಂಗಳೂರಿನಲ್ಲಿ ಬಿಇಎಂಎಲ್ ಹುಟ್ಟಿ, ಮುಂದೆ ಕೋಲಾರದ ಚಿನ್ನದ ಗಣಿ ಊರಿನಲ್ಲಿ ಡೋಜರುಗಳು ತಯಾರಾಗತೊಡಗಿದವು. ಅಷ್ಟು ಹೊತ್ತಿಗೆ ಮರಿ ಎಂಜಿನ್ ಕಾಲ ಮುಗಿಯುತ್ತ ಬಂದಿತ್ತು. ಗುಂಡಿ ಒತ್ತಿದರೆ ಬ್ಯಾಟರಿಯೇ ದೊಡ್ಡ ಎಂಜಿನ್ ತಿರುಗಿಸಬೇಕು. ಅಂದರೆ ಹಗಲೆಲ್ಲ ಆ ಬ್ಯಾಟರಿಗೆ ಉಣಿಸುವ ಒಂದು ಸಾಧನ ಬೇಕು. ಆಗ ಇದ್ದದ್ದು ಡೈನಮೊ.

ವಿಷಯಕ್ಕೆ ಬರೋಣ. ಬೆಟಗೇರಿಯಿಂದ ಮಿಸ್ತ್ರಿ ಬಂದರು. ಡೈನಮೊ ಪಕ್ಕದ ಸಣ್ಣ ಡಬ್ಬಿ ಬಿಚ್ಚಿ ನೋಡಿ ನಕ್ಕರು. "ಕಟೌಟ್ ಪಾಯಿಂಟ್ ಅಂಟಿಕೊಂಡಾವ್ರಿ ಕಾಕಾರ. ಡೈನಮೊ ಬ್ಯಾಟರಿಗೆ ಉಣಿಸಬೇಕು, ರಾತ್ರಿಯೆಲ್ಲಾ ಬ್ಯಾಟರೀನ ಡೈನಮೊಕ್ಕ ಉಣಿಸೇತಿ."

ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿಯದಂತೆ ತಂತಿ ಕಡಿಯುವುದು ಈ ಕಟೌಟ್ ಕೆಲಸ. ಅದರ ಎರಡು ತುಟಿ ಬೆಸೆದುಕೊಂಡರೆ ಬ್ಯಾಟರಿ ಬರಿದಾಗುತ್ತದೆ, ಡೈನಮೊ ಒಳಗಿನ ಆರ್ಮೇಚರ್ ಸುಡುತ್ತದೆ. ನಮ್ಮದರಲ್ಲಿ ಎರಡೂ ಆಗಿತ್ತು. ಬಿಚ್ಚಿದಾಗ ಬಂದ ಆ ಸುಟ್ಟ ವಾರ್ನಿಷ್ ವಾಸನೆ ಇವತ್ತಿಗೂ ನೆನಪಿದೆ.

ಆರ್ಮೇಚರ್ ರಿವೈಂಡಿಂಗ್ ಮಾಡಿಸಲು ಎಂಟು ದಿನ. ಹಾಗಿದ್ದರೆ ರೋಹಿಣಿ ಮಳೆ ಬಂದೇ ಬಿಡುತ್ತದೆ. ಡೋಜರ್ ಮಾಲೀಕರು ಅಂದರು, "ಅದನ್ನ ಕಿತ್ತು ಒಗೀರಿ. ಲಾರೀದ ಆಲ್ಟರ್ನೇಟರ್ ಕೂಡಸ್ರಿ."

ಡೈನಮೊದಲ್ಲಿ ಕರೆಂಟು ಹುಟ್ಟುವುದು ತಿರುಗುವ ಭಾಗದಲ್ಲಿ. ಅಷ್ಟೂ ಕರೆಂಟು ಕಾರ್ಬನ್ ಬ್ರಶ್ ಮೂಲಕವೇ ಹೊರಬರಬೇಕು. ತೀರ ಜೋರಾಗಿ ತಿರುಗಿಸುವಂತಿಲ್ಲ, ನಿಧಾನವಾದರೆ ಚಾರ್ಜ್ ಇಲ್ಲ. ಆಲ್ಟರ್ನೇಟರಿನಲ್ಲಿ ಇದು ತಿರುವುಮುರುವು. ಕರೆಂಟು ನಿಂತ ಸುರುಳಿಯಲ್ಲಿ ಹುಟ್ಟುತ್ತದೆ, ಬ್ರಶ್ ಮೂಲಕ ಹೋಗುವುದು ಒಳಗಿನ ಅಯಸ್ಕಾಂತಕ್ಕೆ ಬೇಕಾದ ಚೂರು ಕರೆಂಟು ಮಾತ್ರ. ಆದ್ದರಿಂದ ಸಣ್ಣ ಪುಲ್ಲಿ ಹಾಕಿ ಜೋರಾಗಿ ತಿರುಗಿಸಬಹುದು, ಎಂಜಿನ್ ಸುಮ್ಮನೆ ಗುರುಗುಡುತ್ತಿದ್ದರೂ ಚಾರ್ಜ್ ಆಗುತ್ತದೆ. ಹುಟ್ಟಿದ ಎಸಿಯನ್ನು ಡಿಸಿ ಮಾಡಲು ಮಾತ್ರ ಡಯೋಡ್ ಬೇಕು. ಸಿಲಿಕಾನ್ ಡಯೋಡ್ ಅಗ್ಗವಾದ ಮೇಲೆ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೊಟ್ಟಿತು. ಮರುವರ್ಷ, 1961ರಲ್ಲಿ, ಮದ್ರಾಸಿನಲ್ಲಿ ಲೂಕಾಸ್-ಟಿವಿಎಸ್ ಶುರುವಾಯಿತು. ನಮ್ಮ ಹೊಲಕ್ಕೆ ಬಂದದ್ದು 37 ವರ್ಷ ತಡವಾಗಿ, ಅದೂ ಹುಬ್ಬಳ್ಳಿ-ಹೊಸಪೇಟೆ ರಸ್ತೆಯ ಲಾರಿಗಳ ದಯೆಯಿಂದ. ಆ ರಸ್ತೆ ಗದಗದ ಮೇಲೇ ಹೋಗುತ್ತದಲ್ಲ, ಲಾರಿ ಸಾಮಾನಿಗೆ ನಮ್ಮಲ್ಲಿ ಯಾವತ್ತೂ ಬರ ಇರಲಿಲ್ಲ.

ಆದರೂ ಒಂದು ದಿನ ಹುಡುಕಾಟದಲ್ಲೇ ಹೋಯಿತು. ಕೈಗೆ ಸಿಕ್ಕದ್ದೆಲ್ಲ 12 ವೋಲ್ಟಿನದು, ಡೋಜರಿಗೆ ಬೇಕಾದ್ದು 24. ಸಿಕ್ಕ ಮೇಲೆ ಇನ್ನೊಂದು ಫಜೀತಿ. ಡೈನಮೊ ಉದ್ದ, ತೆಳು. ಇದು ಗಿಡ್ಡ, ದಪ್ಪ. ಹಳೇ ಜಾಗದಲ್ಲಿ ಕೂರಲೊಲ್ಲದು. ಅದೇ ಬೆಲ್ಟು ಫ್ಯಾನು ಮತ್ತು ನೀರಿನ ಪಂಪನ್ನೂ ತಿರುಗಿಸುತ್ತಿದ್ದರಿಂದ ಪುಲ್ಲಿ ಒಂದು ಬೆರಳು ಓರೆಯಾದರೂ ಬೆಲ್ಟು ಹಾರಿ ಎಂಜಿನ್ ಕಾಯುತ್ತದೆ. ಮಿಸ್ತ್ರಿ ಪಟ್ಟಿ ಕೊಯ್ದು, ತೂತು ಹೊಡೆದು, ದಾರ ಹಿಡಿದು ನೇರ ನೋಡಿ ಕೂಡಿಸಿದರು. ಕಟೌಟ್ ಡಬ್ಬಿ ಕಿತ್ತು ಹಾಕಿದರು. ಡಯೋಡೇ ಕರೆಂಟನ್ನು ಒಂದೇ ಕಡೆ ಬಿಡುವುದರಿಂದ ಅದರ ಕೆಲಸ ಮುಗಿದಿತ್ತು. ಬ್ಯಾಟರಿಯ ಪ್ಲಸ್ಸು ಮೈನಸ್ಸನ್ನು ಮೂರು ಸಲ ನೋಡಿದರು. ಹೊರಗಿನಿಂದ ಚಾರ್ಜ್ ಮಾಡಿಸಿ ತಂದ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಡೋಜರ್ ಎದ್ದಿತು! ಮೀಟರಿನ ಮುಳ್ಳು ಬಲಕ್ಕೆ ವಾಲಿತು. ಅಪ್ಪ ಎಲ್ಲರಿಗೂ ಚಹಾ ತರಿಸಿದರು.

ಸಂಜೆ ಬ್ಲೇಡಿನ ಮೂಲೆ ಬಿರುಕು ಬಿಟ್ಟದ್ದು ಕಂಡು ಡೋಜರಿನ ಹುಡುಗ ವೆಲ್ಡಿಂಗ್ ಮಾಡಿಸಿದ. ಬ್ಯಾಟರಿ ತಂತಿ, ಆಲ್ಟರ್ನೇಟರ್ ತಂತಿ ಎರಡೂ ಹಾಗೇ ಇದ್ದವು. ಡೈನಮೊ ಇದ್ದಾಗ ಎಷ್ಟೋ ಸಲ ಹಾಗೇ ಮಾಡಿದ್ದನಂತೆ, ಏನೂ ಆಗಿರಲಿಲ್ಲ. ಈ ಸಲ ಡಯೋಡ್ ಸತ್ತವು. ಮರುದಿನ ಮಧ್ಯಾಹ್ನ ಮುಳ್ಳು ಎಡಕ್ಕೇ ಬಿದ್ದಿದ್ದನ್ನು ಯಾರೂ ನೋಡಲಿಲ್ಲ, ಊಟಕ್ಕೆ ನಿಲ್ಲಿಸಿದ ಡೋಜರ್ ಮತ್ತೆ ಏಳಲಿಲ್ಲ.

ಹಳೇದು ರಿಪೇರಿ ಆಗುತ್ತಿತ್ತು, ಹೊಸದು ಬಿಸಾಕುವ ಮಾಲು ಅನ್ನುವವರು ಬಹಳ ಮಂದಿ. ನಾನು ಪೂರ್ತಿ ಒಪ್ಪುವುದಿಲ್ಲ. ಬೆಟಗೇರಿಯ ಲೇತಿನ ಮೇಲೆ ಕಮ್ಯುಟೇಟರ್ ಉಜ್ಜಿ, ಗರಗಸದ ಚೂರಿನಿಂದ ಮೈಕಾ ಕೆರೆಯುವ ಕೆಲಸ ನೋಡಲು ಚೆಂದ, ನಿಜ. ಆದರೆ ಎರೆ ಮಣ್ಣಿನ ಧೂಳಿನಲ್ಲಿ ಬ್ರಶ್ ಸವೆದು ವರ್ಷಕ್ಕೆರಡು ಸಲ ಅದೇ ಚೆಂದ ನೋಡಬೇಕಾದವನ ಹೊಟ್ಟೆಪಾಡು? ಡೈನಮೊ ಪರವಾಗಿ ಒಂದು ಮಾತು ಮಾತ್ರ ಒಪ್ಪುತ್ತೇನೆ. ಅದರ ಕಬ್ಬಿಣದಲ್ಲಿ ಉಳಿದ ಅಯಸ್ಕಾಂತ ಶಕ್ತಿಯಿಂದಲೇ ಅದು ಕರೆಂಟು ಹುಟ್ಟಿಸಿಕೊಳ್ಳುತ್ತದೆ. ಆಲ್ಟರ್ನೇಟರಿಗೆ ಸಾಮಾನ್ಯವಾಗಿ ಮೊದಲ ತುತ್ತನ್ನು ಬ್ಯಾಟರಿಯೇ ಉಣಿಸಬೇಕು.

ಡಯೋಡ್ ಬದಲಿಸಿ ಯಂತ್ರ ಎದ್ದದ್ದು ಎರಡು ದಿನದ ಮೇಲೆ. ಆ ರಾತ್ರಿಯೇ ರೋಹಿಣಿ ಸುರಿಯಿತು. ಎರೆ ನೆಲ ಹಸಿಯಾದರೆ ಡೋಜರ್ ಇಳಿಸುವ ಹಾಗಿಲ್ಲ. ಕೆಳಗಿನ ಎರಡು ಎಕರೆ ಹಾಗೇ ಉಳಿಯಿತು. ಆ ವರ್ಷ ಮೇಲಿನ ನಾಲ್ಕೆಕರೆಯ ಒಡ್ಡು ನಿಂತವು, ಕೆಳಗಿನ ಹಳೇ ಒಡ್ಡು ಒಡೆದು ಮಣ್ಣು ಹಳ್ಳ ಸೇರಿತು. ಸಾಲದ ಕಂತು ಮಾತ್ರ ಆರೂ ಎಕರೆಯದು.

ಮರುವರ್ಷ ಅದೇ ಡೋಜರ್ ಬಂತು. ಅಪ್ಪ ಬಾಡಿಗೆ ಮಾತಾಡುವ ಮೊದಲೇ ಹುಡುಗನನ್ನು ಕೇಳಿದರು, "ತಮ್ಮಾ, ವೆಲ್ಡಿಂಗ್ ಏನರ ಬಾಕಿ ಐತೇನು?"