ಹಳೆ ಕಂಪ್ಯೂಟರ್: ರಿಪೇರಿ ಮಾಡಿಸೋದಾ, ಹೊಸದು ತರೋದಾ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಮಾಮೂಲಿ ಬೆಂಬಲ ಮುಗಿಯಿತು. ಅಲ್ಲಿಂದೀಚೆಗೆ ನಮ್ಮ ಕಡೆಯ ಜೆರಾಕ್ಸ್ ಅಂಗಡಿ, ಹಾಲಿನ ಡೈರಿ, ಸಹಕಾರ ಸಂಘಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಹತ್ತು ವರ್ಷದ ಡೆಸ್ಕ್‌ಟಾಪ್ ಆನ್ ಆಗುತ್ತದೆ, ಪ್ರಿಂಟ್ ಕೊಡುತ್ತದೆ, ಅರ್ಜಿ ತುಂಬುತ್ತದೆ. ಆದರೆ ವಿಂಡೋಸ್ 11 ಹಾಕಲು ಹೋದರೆ 'ಇದಕ್ಕೆ ಆಗುವುದಿಲ್ಲ' ಅನ್ನುತ್ತದೆ. ಹಾಗಾದರೆ ಇದನ್ನು ಗುಜರಿಗೆ ಹಾಕಬೇಕಾ?

ಉತ್ತರ ಹುಡುಕುತ್ತಾ ನಾವು ಸ್ವಲ್ಪ ಹಿಂದಕ್ಕೆ ಹೋದೆವು. ಈ ಪ್ರಶ್ನೆ ಹೊಸದಲ್ಲ. ಡೆಸ್ಕ್‌ಟಾಪ್‌ನಷ್ಟೇ ವಯಸ್ಸು ಇದಕ್ಕೂ ಇದೆ.

ಎತ್ತಿನ ಗಾಡಿಯಂಥ ಯಂತ್ರ

ಅಜ್ಜನ ಕಾಲದ ಎತ್ತಿನ ಗಾಡಿಯ ಗಾಲಿ ಬದಲಾಗಿರುತ್ತದೆ, ಅಚ್ಚು ಬದಲಾಗಿರುತ್ತದೆ, ನೊಗವಂತೂ ಮೂರು ಸಲ ಬದಲಾಗಿರುತ್ತದೆ. ಆದರೂ ಅದು ಅಜ್ಜನ ಗಾಡಿಯೇ. ಡೆಸ್ಕ್‌ಟಾಪ್ ಹುಟ್ಟಿದ್ದೂ ಹೀಗೆಯೇ.

1981ರ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಕಂಪನಿ ತನ್ನ ಮೊದಲ ಪಿಸಿ ಬಿಡುಗಡೆ ಮಾಡಿತು. ಬೇಗ ತಯಾರಿಸಬೇಕಿತ್ತು ಎಂದು ಹೆಚ್ಚಿನ ಭಾಗಗಳನ್ನು ಬೇರೆ ಕಂಪನಿಗಳಿಂದ ಕೊಂಡು ಜೋಡಿಸಿತು. ಒಳಗೆ ಹೆಚ್ಚುವರಿ ಕಾರ್ಡ್ ಸಿಕ್ಕಿಸಲು ಐದು ಜಾಗ ಬಿಟ್ಟಿತು. ಯಂತ್ರದ ಸರ್ಕ್ಯೂಟ್ ನಕ್ಷೆಯನ್ನೇ ಪುಸ್ತಕ ಮಾಡಿ ಮಾರಿತು. ಮರುವರ್ಷವೇ ಕಾಂಪ್ಯಾಕ್ ಕಂಪನಿ ಐಬಿಎಂ ಜೊತೆ ಹೊಂದುವ ಯಂತ್ರವನ್ನು ಪ್ರಕಟಿಸಿತು. ಆಮೇಲೆ ತೈವಾನ್ ಮುಂತಾದ ಕಡೆ ಭಾಗಗಳನ್ನು ಮಾಡುವವರು ಸಾಲುಗಟ್ಟಿದರು. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆ ತಂದಿತು. ಯಾರ ಮದರ್‌ಬೋರ್ಡ್ ಆದರೂ ಯಾರ ಡಬ್ಬಿಯಲ್ಲಾದರೂ ಕೂರುವುದು ಸುಲಭವಾಯಿತು.

ನಮ್ಮ ದೇಶದಲ್ಲಿ ಆಗ ಆಮದು ಸುಂಕ ಜಾಸ್ತಿ. ಕಂಪನಿಯ ಕಂಪ್ಯೂಟರ್ ಎಲ್ಲರ ಕೈಗೆಟುಕುತ್ತಿರಲಿಲ್ಲ. ಹಾಗಾಗಿ ದೆಹಲಿಯ ನೆಹರೂ ಪ್ಲೇಸ್, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಭಾಗ ಕೊಂಡು ಜೋಡಿಸುವ 'ಅಸೆಂಬಲ್ಡ್' ಕಂಪ್ಯೂಟರ್ ಬೆಳೆಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. 2005ರ ಹೊತ್ತಿಗೆ ಕಂಪ್ಯೂಟರ್ ಮೇಲಿನ ಸುಂಕ ಸೊನ್ನೆಗಿಳಿಯಿತು. ಅಷ್ಟರಲ್ಲಿ ತಾಲ್ಲೂಕು ಕೇಂದ್ರಗಳಲ್ಲೂ ಸ್ಕ್ರೂಡ್ರೈವರ್ ಹಿಡಿದ ಹುಡುಗರು ಅಂಗಡಿ ತೆರೆದಿದ್ದರು. ಕೆಟ್ಟಿದ್ದನ್ನು ಕಿತ್ತು ಬೇರೆ ಹಾಕುವುದು ಈ ಯಂತ್ರದ ಹುಟ್ಟುಗುಣ.

ಮುಪ್ಪು ಬಂದಿದ್ದು ಯಾವುದಕ್ಕೆ?

ಅಷ್ಟು ಸುಲಭವಿದ್ದರೆ ಜನ ಹೊಸದನ್ನು ಯಾಕೆ ಕೊಂಡರು? ಈ ಲೆಕ್ಕ ನೋಡಿ.

ವಿಂಡೋಸ್ 95 ಓಡಲು ಕನಿಷ್ಠ 4 ಎಂಬಿ ಮೆಮೊರಿ ಸಾಕಿತ್ತು. 2001ರ ಎಕ್ಸ್‌ಪಿ 64 ಎಂಬಿ ಕೇಳಿತು. 2007ರ ವಿಸ್ಟಾ 512 ಎಂಬಿ ಕೇಳಿತು. 2009ರ ವಿಂಡೋಸ್ 7ಕ್ಕೆ 1 ಜಿಬಿ ಬೇಕಾಯಿತು. 2021ರ ವಿಂಡೋಸ್ 11ಕ್ಕೆ 4 ಜಿಬಿ. 26 ವರ್ಷದಲ್ಲಿ ಸಾವಿರ ಪಟ್ಟು! ಇವು ಕನಿಷ್ಠ ಲೆಕ್ಕ ಮಾತ್ರ. ಸರಾಗವಾಗಿ ಓಡಲು ಇನ್ನೂ ಹೆಚ್ಚು ಬೇಕು.

ಎತ್ತು ಮೊದಲಿನಷ್ಟೇ ಗಟ್ಟಿಯಿತ್ತು, ಗಾಡಿಗೆ ಹೇರುವ ಹೊರೆ ಸಾವಿರ ಪಟ್ಟಾಯಿತು. ನಾವು 'ಕಂಪ್ಯೂಟರ್ ಹಳೆಯದಾಯ್ತು, ಸ್ಲೋ ಆಯ್ತು' ಅಂದೆವು.

ಹೊರೆಯ ಜೊತೆ ಗಡುವೂ ಬಂತು. ಎಕ್ಸ್‌ಪಿಗೆ 2014ರ ಏಪ್ರಿಲ್ 8, ವಿಂಡೋಸ್ 7ಕ್ಕೆ 2020ರ ಜನವರಿ 14, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಗಡುವು ಮುಗಿದ ದಿನ ಯಂತ್ರವೇನೂ ನಿಲ್ಲುವುದಿಲ್ಲ. ಆದರೆ ಆಮೇಲೆ ಕಂಡುಬರುವ ಭದ್ರತಾ ದೋಷಕ್ಕೆ ತೇಪೆ ಬರುವುದಿಲ್ಲ. ಜನರ ಆಧಾರ್ ಪ್ರತಿ, ಪಾಸ್‌ಬುಕ್ ಸ್ಕ್ಯಾನ್ ಇಟ್ಟುಕೊಂಡ ಕಂಪ್ಯೂಟರ್‌ಗೆ ಇದು ಸಣ್ಣ ವಿಷಯವಲ್ಲ.

2025ರ ಗಡುವಿಗೂ ಹಿಂದಿನವಕ್ಕೂ ಒಂದು ವ್ಯತ್ಯಾಸವಿದೆ. ಹಿಂದೆ ಹೆಚ್ಚಿನವರು ರ್‍ಯಾಮ್ ಹೆಚ್ಚಿಸಿ ಹೊಸ ವಿಂಡೋಸ್ ಹಾಕಿಕೊಳ್ಳುತ್ತಿದ್ದರು. ವಿಂಡೋಸ್ 11 ಬಂದಾಗ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕಡ್ಡಾಯವಾಯಿತು, ಸುಮಾರಾಗಿ 2018ಕ್ಕಿಂತ ಹಿಂದಿನ ಪ್ರೊಸೆಸರ್‌ಗಳು ಪಟ್ಟಿಯಿಂದ ಹೊರಗುಳಿದವು. ನಿಮ್ಮ ಯಂತ್ರ ಅದಕ್ಕಿಂತ ಈಚಿನದಾಗಿದ್ದೂ 'ಆಗುವುದಿಲ್ಲ' ಅಂದರೆ, ಬಯೋಸ್ ಸೆಟ್ಟಿಂಗ್‌ನಲ್ಲಿ ಟಿಪಿಎಂ ಆಫ್ ಆಗಿದೆಯಾ ನೋಡಿಸಿ. ಅದನ್ನು ಆನ್ ಮಾಡಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ನಿಜವಾಗಿ ಕೆಡುವ ಭಾಗಗಳು

ಯಂತ್ರಕ್ಕೂ ಮುಪ್ಪು ಬರುತ್ತದೆ, ಇಲ್ಲವೆನ್ನುವುದಿಲ್ಲ. 2000ದ ಆಸುಪಾಸಿನ ವರ್ಷಗಳಲ್ಲಿ ಕಳಪೆ ಕೆಪಾಸಿಟರ್‌ಗಳಿಂದ ಜಗತ್ತಿನಾದ್ಯಂತ ಅಸಂಖ್ಯ ಮದರ್‌ಬೋರ್ಡ್‌ಗಳು ಕೆಟ್ಟವು. ಪುಟ್ಟ ಡಬ್ಬಿಯಂಥ ಆ ಭಾಗದ ತಲೆ ಉಬ್ಬಿ, ಒಳಗಿನ ದ್ರವ ಸೋರುತ್ತಿತ್ತು. ಇಂದಿಗೂ ಹಳೆ ಬೋರ್ಡ್ ಬಿಚ್ಚಿದಾಗ ರಿಪೇರಿಯವರು ಮೊದಲು ನೋಡುವುದು ಅದನ್ನೇ.

ಕೆಲವು ಕಾಯಿಲೆ ದೊಡ್ಡದಾಗಿ ಕಾಣುತ್ತವೆ, ಔಷಧಿ ಮಾತ್ರ ಅಗ್ಗ. ಗಡಿಯಾರ ಪ್ರತಿದಿನ ಹಳೇ ತಾರೀಖು ತೋರಿಸುತ್ತದೆ, ವೆಬ್‌ಸೈಟ್ ತೆರೆದರೆ 'ಸುರಕ್ಷಿತವಲ್ಲ' ಅನ್ನುತ್ತದೆ ಅಂದುಕೊಳ್ಳಿ. ಬೋರ್ಡಿನಲ್ಲಿರುವ ನಾಣ್ಯದಾಕಾರದ 3 ವೋಲ್ಟಿನ ಸೆಲ್ ಮುಗಿದಿರಬಹುದು. ತಾನಾಗಿ ಆಫ್ ಆಗುತ್ತಿದ್ದರೆ ಫ್ಯಾನಿಗೆ ಧೂಳು ಕಟ್ಟಿರಬಹುದು, ಇಲ್ಲವೇ ಕರೆಂಟಿನ ಏರಿಳಿತಕ್ಕೆ ಎಸ್‌ಎಂಪಿಎಸ್ ಸೋತಿರಬಹುದು. ಆನ್ ಆಗಲು ಹತ್ತು ನಿಮಿಷ ಹಿಡಿದರೆ ತಿರುಗುವ ಹಾರ್ಡ್‌ಡಿಸ್ಕ್ ಕಾರಣವಿರಬಹುದು. ಅದರ ಬದಲು ಎಸ್‌ಎಸ್‌ಡಿ ಹಾಕಿದರೆ ಹಳೆಯ ಯಂತ್ರಕ್ಕೆ ಮರುಜೀವ ಬಂದಂತಾಗುತ್ತದೆ.

ರಿಪೇರಿಗೂ ಒಂದು ಎಲ್ಲೆಯಿದೆ. ಡಿಡಿಆರ್2, ಡಿಡಿಆರ್3, ಡಿಡಿಆರ್4 ಎಂದು ಮೆಮೊರಿಯ ತಲೆಮಾರು ಬದಲಾದಂತೆ ಅದರ ಕಚ್ಚಿನ ಜಾಗವೂ ಬದಲಾಗುತ್ತ ಬಂತು. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಹೀಗಾಗಿ ಮದರ್‌ಬೋರ್ಡ್ ಹೋದರೆ ಪ್ರೊಸೆಸರ್ ಮತ್ತು ರ್‍ಯಾಮ್ ಕೂಡ ಅದರ ಹಿಂದೆ ಹೋಗಬಹುದು. ಆಗ ಹಳೆಯದಕ್ಕೆ ದುಡ್ಡು ಸುರಿದರೆ ಮೂಗಿಗಿಂತ ಮೂಗುತಿ ಭಾರ.

ಡಬ್ಬಿಯೊಳಗಿನ ಕನ್ನಡ

ಇಲ್ಲಿಯವರೆಗೆ ಹೇಳಿದ್ದೆಲ್ಲ ದುಡ್ಡಿನ ಲೆಕ್ಕ. ದುಡ್ಡು ಕೊಟ್ಟರೂ ಮರಳಿ ಸಿಗದ ವಸ್ತು ಒಂದಿದೆ.

ನಮ್ಮ ಹಳ್ಳಿಗಳಿಗೆ ಕಂಪ್ಯೂಟರ್ ಬಂದಾಗ ಅದರಲ್ಲಿ ಕನ್ನಡ ಬರೆಯುವ ದಾರಿ ಬೇರೆಯೇ ಇತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳಿಂದ ಲಕ್ಷಾಂತರ ಪುಟ ಕನ್ನಡ ಟೈಪ್ ಆಯಿತು. ಆದರೆ ಅಂದಿನ ಬಹುಪಾಲು ಕಡತಗಳು ಯೂನಿಕೋಡ್‌ನಲ್ಲಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿದ ಫಾಂಟ್ ಅವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತದೆ. ಮೊಬೈಲ್‌ನಲ್ಲಂತೂ ಓದಲಾಗುವುದಿಲ್ಲ.

ಆ ಫೈಲುಗಳಲ್ಲಿ ಏನಿರುತ್ತದೆ? ಸಂಘದ ಹತ್ತು ವರ್ಷದ ನಡಾವಳಿ, ಸಾಲಗಾರರ ಪಟ್ಟಿ. ಅಜ್ಜಿಯರಿಂದ ಬರೆದುಕೊಂಡ ಸೋಬಾನೆ ಪದ, ಊರ ದೇವರ ಜಾತ್ರೆಯ ಖರ್ಚು. ನಮ್ಮಂಥ ವರದಿಗಾರರು ಪತ್ರಿಕೆಗೆ ಕಳಿಸಿದ ಬರದ, ನೆರೆಯ ಸುದ್ದಿ. ಇವೆಲ್ಲ ಆ ಕಂಪ್ಯೂಟರ್ ಬಿಟ್ಟರೆ ಎಷ್ಟೋ ಸಲ ಬೇರೆಲ್ಲೂ ಇರುವುದಿಲ್ಲ. ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಒಯ್ಯುವಾಗ ಊರಿನ ಒಂದು ತುಂಡು ಚರಿತ್ರೆಯೂ ಹೋಗುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿತು. ಹಳ್ಳಿಯ ಎಷ್ಟೋ ಜನ ಕಂಪ್ಯೂಟರ್ ಕೊಡುವ ಕಾಗದವನ್ನು ಮೊದಲು ಕೈಲಿ ಹಿಡಿದದ್ದು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ, 15 ರೂಪಾಯಿ ಕೊಟ್ಟು. ಇಂದು ಪಹಣಿಯನ್ನು ಫೋನಿನಲ್ಲೇ ನೋಡಬಹುದು. ದಾಖಲೆ ಆ ಕಿಟಕಿಯ ಡಬ್ಬಿಗೆ ಅಂಟಿ ಕೂರಲಿಲ್ಲ, ಮುಂದಿನ ಯಂತ್ರಕ್ಕೆ ದಾಟಿತು. ಅದಕ್ಕೇ ಉಳಿಯಿತು.

ಬಿಲ್ಲಿನಲ್ಲಿ ಕಾಣದ ಬೆಲೆ

2004ರಲ್ಲಿ ಸುದ್ದಿಯಾದ ವಿಶ್ವಸಂಸ್ಥೆ ವಿಶ್ವವಿದ್ಯಾಲಯದ ಅಧ್ಯಯನವೊಂದು ಹಳೆ ಮಾದರಿಯ ಪರದೆ ಸಮೇತ ಒಂದು ಡೆಸ್ಕ್‌ಟಾಪ್ ತಯಾರಿಸಲು ಬೇಕಾದ್ದನ್ನು ಲೆಕ್ಕ ಹಾಕಿತ್ತು. ಕಲ್ಲಿದ್ದಲು, ತೈಲದಂಥ ಇಂಧನ ಕನಿಷ್ಠ 240 ಕೆ.ಜಿ., ರಾಸಾಯನಿಕ 22 ಕೆ.ಜಿ., ನೀರು 1,500 ಕೆ.ಜಿ. ಯಂತ್ರ ನಮ್ಮ ಮನೆಗೆ ಬರುವ ಮೊದಲೇ ಇಷ್ಟು ಖರ್ಚಾಗಿರುತ್ತದೆ. ಎರಡು ವರ್ಷ ಹೆಚ್ಚು ಬಳಸಿದರೆ ಆ ಖರ್ಚಿಗೆ ಅಷ್ಟು ಬೆಲೆ ಬಂತು.

ಎಸೆಯುವಾಗಲೂ ಎಚ್ಚರ ಬೇಕು. ಹಳೆ ದಪ್ಪ ಮಾನಿಟರ್‌ನ ಗಾಜಿನಲ್ಲಿ ಸೀಸ ಇರುತ್ತದೆ. ತಾಮ್ರಕ್ಕಾಗಿ ವೈರ್ ಸುಟ್ಟರೆ ವಿಷದ ಹೊಗೆ ಏಳುತ್ತದೆ. ಇ-ತ್ಯಾಜ್ಯದ ಪ್ರತ್ಯೇಕ ನಿಯಮ 2012ರ ಮೇ 1ರಿಂದ ದೇಶದಲ್ಲಿ ಜಾರಿಯಲ್ಲಿದೆ, ಆಮೇಲೆ ಬಿಗಿಯೂ ಆಗಿದೆ. ನೋಂದಾಯಿತ ಮರುಬಳಕೆದಾರರಿಗೇ ಕೊಡುವುದು ಒಳ್ಳೆಯದು.

ಹಾಗಾದರೆ ಏನು ಮಾಡೋಣ?

ನಲವತ್ತು ವರ್ಷದ ಈ ಕತೆಯಿಂದ ನಾವು ಕಂಡುಕೊಂಡ ಕ್ರಮ ಇಷ್ಟು.

ಮೊದಲು ಒಳಗಿನದನ್ನು ಹೊರತೆಗೆಯಿರಿ. ಫೈಲುಗಳನ್ನು ಎರಡು ಕಡೆ ನಕಲು ಮಾಡಿ. ನುಡಿ, ಬರಹದ ಹಳೆ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಒತ್ತಕ್ಷರ ತಪ್ಪಿದೆಯಾ ಎಂದು ಓದಿ ನೋಡಿ. ಹಳೆ ಫಾಂಟನ್ನೂ ಜೊತೆಗೇ ಎತ್ತಿಡಿ. ಯಂತ್ರ ಕೊಡುವ ಮುನ್ನ ಹಾರ್ಡ್‌ಡಿಸ್ಕ್ ಬಿಚ್ಚಿಟ್ಟುಕೊಳ್ಳಿ ಅಥವಾ ಪೂರ್ತಿ ಅಳಿಸಿ.

ಆಮೇಲೆ ಕೆಟ್ಟಿರುವುದು ಭಾಗವೋ, ತಂತ್ರಾಂಶವೋ ಕೇಳಿ. ಸೆಲ್, ಫ್ಯಾನ್, ಎಸ್‌ಎಂಪಿಎಸ್, ಡಿಸ್ಕ್ ಆದರೆ ರಿಪೇರಿ ಮಾಡಿಸಿ. ಮದರ್‌ಬೋರ್ಡ್ ಆದರೆ ಹೊಸದರ ಬೆಲೆಯನ್ನೂ ಕೇಳಿ ತೂಗಿ ನೋಡಿ. ತಂತ್ರಾಂಶದ ಗಡುವು ಮಾತ್ರ ಮುಗಿದಿದ್ದರೆ ಉಚಿತವಾದ ಲಿನಕ್ಸ್ ಹಾಕಿಸಬಹುದು. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಅದರಲ್ಲೇ ಕಲಿಯುತ್ತಿದ್ದಾರೆ. ಟೈಪಿಂಗ್, ಇಂಟರ್ನೆಟ್, ಮಕ್ಕಳ ಓದಿಗೆ ಅದು ಧಾರಾಳವಾಗಿ ಸಾಕು. ಆದರೆ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ, ಬೆರಳಚ್ಚು ಯಂತ್ರ ಬಳಸುವವರಿಗೆ ವಿಂಡೋಸ್ ಬೇಕಾಗಬಹುದು. ಬೇರೆಯವರ ದಾಖಲೆ, ದುಡ್ಡು ನಿಮ್ಮ ಯಂತ್ರದಲ್ಲಿ ಓಡಾಡುವುದಾದರೆ ಗಡುವು ಮುಗಿದ ತಂತ್ರಾಂಶ ನಂಬಿ ಕೂರಬೇಡಿ, ಬದಲಿಸಿ.

ಅಂಗಡಿಯವನು 'ಇದು ಹತ್ತು ವರ್ಷ ಹಳೇದು ಸಾರ್' ಅಂದರೆ, 'ಯಾವ ಭಾಗ ಕೆಟ್ಟಿದೆ, ಬಿಚ್ಚಿ ತೋರಿಸಿ' ಅನ್ನಿ. ಬಿಚ್ಚುವ ಮೊದಲು ಪೆನ್‌ಡ್ರೈವ್ ಕೊಟ್ಟು ಫೈಲುಗಳನ್ನು ನಕಲು ಮಾಡಿಸಿಕೊಳ್ಳಿ.