ವ್ಯಸನಮುಕ್ತಿಯೂ ರಾಜಶಾಸನವೂ

ಮನುಷ್ಯನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದೇ ವ್ಯಸನವೆಂದು ಕೌಟಿಲ್ಯನು ಆ ಶಬ್ದದ ನಿಷ್ಪತ್ತಿಯನ್ನು ಹೇಳಿರುವನು. ಎಸೆಯಲ್ಪಟ್ಟವನನ್ನು ಮರಳಿ ತರುವ ಹೊಣೆ ಯಾರದು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಹಲವು ಉತ್ತರಗಳುಂಟು.

ಈ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ್ದಾಗ 1878ರ ಅಬಕಾರಿ ಕಾಯಿದೆಯು ಸೆರೆಯನ್ನು ಬೊಕ್ಕಸದ ಆದಾಯವೆಂದೆಣಿಸಿತು. 1949ರ ಪಾನನಿರೋಧ ಕಾಯಿದೆಯು ಕುಡಿದವನನ್ನು ಅಪರಾಧಿಯೆಂದೆಣಿಸಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. 1965ರ ಅಬಕಾರಿ ಕಾಯಿದೆಯ ತರುವಾಯ ಆದಾಯವೇ ಮತ್ತೆ ಮುಂದಾಯಿತು.

ಇಳಕಲ್ಲಿನ ಮಹಾಂತ ಶಿವಯೋಗಿಗಳ ದಾರಿಯೇ ಬೇರೆ. 1975ರಿಂದ ಅವರು ಜೋಳಿಗೆ ಹಿಡಿದು ದವಸವನ್ನಲ್ಲ, ದುಶ್ಚಟವನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅದೇ ವರ್ಷ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಹಾಗೂ ಮಾದಕವಸ್ತುಗಳ ದುರುಪಯೋಗದಿಂದಾಗುವ ಮನೋವಿಕಾರವನ್ನು ಕಾಯಿಲೆಯೆಂದೊಪ್ಪಿತು. ಅಂತಹವರನ್ನು ಇರಿಸಿಕೊಂಡು ಚಿಕಿತ್ಸೆ ಮಾಡುವ ಆಲಯಗಳು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಪಡೆಯತಕ್ಕದ್ದು. ರೋಗಿಯನ್ನು ಸರಪಳಿಯಿಂದ ಬಿಗಿಯಕೂಡದು.

ಗಿರಾಕಿ, ಅಪರಾಧಿ, ರೋಗಿ ಎಂದು ಒಬ್ಬನೇ ಮನುಷ್ಯನನ್ನು ಶಾಸನವು ಮೂರು ಬಗೆಯಾಗಿ ಕಂಡಿತು. ಜೋಳಿಗೆಯಾದರೋ ಅವನನ್ನು ದಾತನೆಂದು ಕಂಡಿತು. ಚಿಕಿತ್ಸಾಲಯದ ಬಾಗಿಲಿಗೆ ಅವನು ತಲೆಯೆತ್ತಿ ಬರಬೇಕಾದರೆ ಆ ಗೌರವವು ಮೊದಲು ನಮ್ಮ ಮನೆಗಳಲ್ಲಿಯೇ ದೊರೆಯಬೇಕು.